ದೊಡ್ಡ ಫ್ಯಾನು, ಸಣ್ಣ ಸದ್ದು

ನಮ್ಮ ಮನೆಗೆ ಕಂಪ್ಯೂಟರು ಬಂದ ಮೂರನೆಯ ರಾತ್ರಿ ಅಮ್ಮ ಹಾಸಿಗೆಯ ಮೇಲೆ ಎದ್ದು ಕೂತು, "ಮಿಕ್ಸಿ ಆರಿಸೋದು ಮರೆತಿದ್ದೀರ, ಯಾರಾದ್ರೂ ನೋಡ್ರೋ" ಎಂದರು. ಗಂಟೆ ಹನ್ನೊಂದೂವರೆ. ಅಡುಗೆಮನೆಯಲ್ಲಿ ಮಿಕ್ಸಿ ತನ್ನ ಪಾಡಿಗೆ ತಾನು ಬಟ್ಟೆ ಹೊದ್ದು ಕೂತಿತ್ತು. ಸದ್ದು ಬರುತ್ತಿದ್ದುದು ನಡುಮನೆಯ ಮೂಲೆಯಲ್ಲಿದ್ದ ಮೇಜಿನ ಕೆಳಗಿನಿಂದ. ಮಗಳು ತಾನೇ ಬಿಡಿಭಾಗಗಳನ್ನು ತಂದು ಜೋಡಿಸಿದ ಕಂಪ್ಯೂಟರು ಅಲ್ಲಿ ಒಂದೇ ಸಮನೆ ಒರಲುತ್ತಿತ್ತು.

ಸಿಂಗಸಂದ್ರದಲ್ಲಿ ಸದ್ದಿಗೇನೂ ಬರವಿಲ್ಲ. ಹೊಸೂರು ರಸ್ತೆ ನಮ್ಮ ಮನೆಯಿಂದ ಕೂಗಳತೆಯ ದೂರ. 2010ರಲ್ಲಿ ಅದರ ತಲೆಯ ಮೇಲೊಂದು ಮೇಲ್ಸೇತುವೆ ಬಂತು, 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೊ ಕೂಡ ಓಡುತ್ತಿದೆ. ಎಲೆಕ್ಟ್ರಾನಿಕ್ ಸಿಟಿಯ ಪಾಳಿ ಬಸ್ಸುಗಳಿಗೆ ಹಗಲು ರಾತ್ರಿಯೆಂಬ ಭೇದವಿಲ್ಲ. ಆದರೆ ಹೊರಗಿನ ಸದ್ದಿಗೆ ಕಿಟಕಿ ಮುಚ್ಚಬಹುದು. ಮನೆಯೊಳಗೇ ಹುಟ್ಟಿದ ಸದ್ದಿಗೆ ಏನು ಮಾಡುವುದು? ನಮ್ಮದು ಎರಡು ಕೋಣೆ ಮತ್ತು ಒಂದು ನಡುಮನೆಯ ಮನೆ. ಆ ನಡುಮನೆಯಲ್ಲೇ ಅಮ್ಮನ ಮಂಚ, ಅಲ್ಲೇ ಮಗಳ ಮೇಜು.

ತಪ್ಪು ನನ್ನದೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯುಗಾದಿಯ ಹೊತ್ತಿಗೆ ಮಗಳು ಬಿಡಿಭಾಗಗಳ ಪಟ್ಟಿ ತಂದು ನನ್ನ ಮುಂದಿಟ್ಟಿದ್ದಳು. ಅದರಲ್ಲಿ 'ಕೂಲರು, ಸುಮಾರು 3,500 ರೂಪಾಯಿ' ಎಂದಿತ್ತು. ನಾನು ಕೆಂಪು ಪೆನ್ನು ತೆಗೆದು, ಉತ್ತರಪತ್ರಿಕೆಯಲ್ಲಿ ತಪ್ಪು ಉತ್ತರವನ್ನು ಹೊಡೆದುಹಾಕುವ ಹಾಗೆ, ಆ ಸಾಲಿನ ಮೇಲೊಂದು ಗೀಟು ಎಳೆದೆ. "ಪ್ರೊಸೆಸರಿನ ಡಬ್ಬದಲ್ಲೇ ಒಂದು ಫ್ಯಾನು ಪುಕ್ಕಟೆ ಬರುತ್ತೆ ಅಂತ ನೀನೇ ಹೇಳಿದೆ. ಮತ್ತೆ ಇನ್ನೊಂದಕ್ಕೆ ಮೂರೂವರೆ ಸಾವಿರ ಯಾಕಮ್ಮ? ಗಾಳಿ ಗಾಳಿಯೇ ತಾನೆ?" ಎಂದೆ. ಮೂವತ್ತು ವರ್ಷದಿಂದ ಮಕ್ಕಳಿಗೆ 'ಅಳೆಯದೆ ಹೇಳಬೇಡಿ' ಎನ್ನುತ್ತ ಬಂದವನು ನಾನು. ಅವತ್ತು ಏನನ್ನೂ ಅಳೆಯಲಿಲ್ಲ. ಮಗಳು ಒಂದು ಸಲ ನನ್ನ ಮುಖ ನೋಡಿ, ಪಟ್ಟಿಯನ್ನು ಮಡಿಚಿಟ್ಟುಕೊಂಡಳು.

ಅವಳು ಪದವಿಯ ಕೊನೆಯ ವರ್ಷದಲ್ಲಿ ಅನಿಮೇಷನ್ ಓದುತ್ತಿದ್ದಾಳೆ. ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಕೆಲಸ. ಗೊಂಬೆ, ಮನೆ, ಮರ ಎಲ್ಲವನ್ನೂ ಗಣಿತದ ಆಕೃತಿಗಳಾಗಿ ಕಟ್ಟಿಟ್ಟ ಮೇಲೆ ಬೆಳಕು ಎಲ್ಲಿಂದ ಬಿದ್ದು ಎಲ್ಲಿ ಚದುರುತ್ತದೆ ಎಂದು ಲೆಕ್ಕ ಹಾಕಿ ಚಿತ್ರ ಮೂಡಿಸುವುದು ಕಂಪ್ಯೂಟರಿನ ಪಾಲು. ಒಂದು ಸೆಕೆಂಡಿಗೆ 24 ಚಿತ್ರ. ಒಂದೊಂದಕ್ಕೆ ಎರಡು ನಿಮಿಷ ಹಿಡಿದರೆ ಹತ್ತು ಸೆಕೆಂಡಿನ ದೃಶ್ಯಕ್ಕೆ ಎಂಟು ಗಂಟೆ ಬೇಕು. ಬೇರೆ ಗ್ರಾಫಿಕ್ಸ್ ಕಾರ್ಡು ಕೊಡಿಸುವ ಶಕ್ತಿ ನನಗಿರಲಿಲ್ಲವಾದ್ದರಿಂದ ಈ ಭಾರವೆಲ್ಲ ಪ್ರೊಸೆಸರಿನ ತಲೆಯ ಮೇಲೆ. ಎಂಟು ಗಂಟೆ ದುಡಿದರೆ ಅದು ಕಾಯುತ್ತದೆ. ಕಾದಷ್ಟೂ ಪುಟ್ಟ ಫ್ಯಾನು ಜೋರಾಗಿ ತಿರುಗುತ್ತದೆ, ತಿರುಗಿದಷ್ಟೂ ಅಮ್ಮನಿಗೆ ಮಿಕ್ಸಿಯ ನೆನಪಾಗುತ್ತದೆ.

ಆ ರಾತ್ರಿಯ ನಂತರ ಸದ್ದು ನಿಂತಿತು. ಸಮಸ್ಯೆ ತೀರಿತೆಂದು ನಾನು ಹಾಯಾಗಿದ್ದೆ. ನಿಜ ಸಂಗತಿ ತಿಳಿದದ್ದು ಐದಾರು ತಿಂಗಳ ಮೇಲೆ, ಒಂದು ನಸುಕಿನಲ್ಲಿ ನೀರು ಕುಡಿಯಲೆಂದು ಎದ್ದಾಗ. ಗಂಟೆ ನಾಲ್ಕು. ಮಗಳು ಮೇಜಿನ ಮುಂದೆ ಕೂತಿದ್ದಳು. ಕೆಳಗೆ ಅದೇ ಒರಲು. ಅಮ್ಮ ಸೆರಗನ್ನು ಕಿವಿಗೆ ಬಿಗಿದು ಗೋಡೆಯ ಕಡೆ ಹೊರಳಿದ್ದರು. ಮಗಳ ಹೆಸರು ಹಿಡಿದು ಕರೆದೆ. ತಿರುಗಲಿಲ್ಲ. ಇನ್ನೊಂದು ಸಲ ಕರೆದೆ. ಮೂರನೆಯ ಸಲ ಭುಜ ಮುಟ್ಟಿದಾಗ ಬೆಚ್ಚಿಬಿದ್ದು ಹೆಡ್‌ಫೋನು ತೆಗೆದಳು. ಅದರೊಳಗಿನ ಹಾಡು ಎರಡು ಮಾರು ದೂರ ನಿಂತಿದ್ದವನಿಗೂ ಕೇಳಿಸುವಷ್ಟು ಜೋರಾಗಿತ್ತು.

"ಇಷ್ಟು ಜೋರಾಗಿ ಯಾಕೆ ಇಟ್ಕೊಂಡಿದ್ದೀಯ?"

"ಫ್ಯಾನ್ ಸದ್ದು ಕೇಳಿಸಬಾರದು ಅಂತ ಅಪ್ಪ."

ಆಗ ಎಲ್ಲವೂ ಹೊರಬಂತು. ಅಜ್ಜಿಗೆ ನಿದ್ದೆ ಬರಲಿ ಎಂದು ಅವಳು ರಾತ್ರಿ ಹತ್ತಕ್ಕೆ ಯಂತ್ರ ಆರಿಸುತ್ತಿದ್ದಳು. ಅಜ್ಜಿ ಹೇಗೂ ಬೇಗ ಏಳುವವರು ಎಂದು ನಸುಕಿನ ನಾಲ್ಕಕ್ಕೆ ಎದ್ದು ಮತ್ತೆ ಹಚ್ಚುತ್ತಿದ್ದಳು. ಆ ಒರಲಿನಲ್ಲಿ ಮನಸ್ಸು ನಿಲ್ಲದ್ದರಿಂದ ಕಿವಿಗೆ ಹಾಡು ತುರುಕಿಕೊಳ್ಳುತ್ತಿದ್ದಳು. ನಾನು ಉಳಿಸಿದ ಮೂರೂವರೆ ಸಾವಿರವನ್ನು ಅಮ್ಮ ನಿದ್ದೆಯಲ್ಲಿ ಕಟ್ಟುತ್ತಿದ್ದರು, ಮಗಳು ಕಿವಿಯಲ್ಲಿ ಕಟ್ಟುತ್ತಿದ್ದಳು.

ನನಗೆ ಮತ್ತೆ ನಿದ್ದೆ ಬರಲಿಲ್ಲ. ನೆನಪಾದದ್ದು ನನ್ನ ಅಪ್ಪ.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಪವರ್ ಪ್ರೆಸ್ ನಡೆಸಿದವರು. ತಗಡನ್ನು ಒಂದೇ ಏಟಿಗೆ ಬೇಕಾದ ಆಕಾರಕ್ಕೆ ಕತ್ತರಿಸುವ ಯಂತ್ರ ಅದು. ಒಂದು ಷೆಡ್ಡಿನಲ್ಲಿ ಅಂಥವು ಹತ್ತು ಹನ್ನೆರಡು. ಕಿವಿಗೆ ರಕ್ಷಣೆಯೆಂದರೆ ಅಮ್ಮ ದೀಪದ ಬತ್ತಿಗೆ ಇಟ್ಟಿದ್ದ ಹತ್ತಿಯ ಚೂರು, ಅದೂ ನೆನಪಾದ ದಿನ ಮಾತ್ರ. ನಮ್ಮ ಕಾರ್ಖಾನೆ ನಿಯಮಗಳು ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ಎಂಬ ಮಿತಿ ಹಾಕಿದ್ದವು. ಆ ಷೆಡ್ಡಿನಲ್ಲಿ ಅಳೆದವರು ಯಾರು?

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಸದ್ದಿನ ಅಲೆಗೆ ಬಾಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ವರ್ಷಗಟ್ಟಲೆ ಜೋರು ಸದ್ದು ಬಡಿದರೆ ಅವು ಸಾಯುತ್ತವೆ, ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನ ಕೇಳ್ಮೆ. ಹಾಗಾಗಿ ಮಾತು ಪೂರ್ತಿ ನಿಲ್ಲುವುದಿಲ್ಲ. ಸ್ವರಗಳು ಕೇಳುತ್ತವೆ, 'ಸ', 'ಶ'ದಂಥ ಅಕ್ಷರಗಳು ಅಳಿಸಿಹೋಗುತ್ತವೆ. ಎಲೆಯ ಮುಂದೆ ಕೂತ ಅಪ್ಪನಿಗೆ ಅಮ್ಮ "ಹಾಕ್ಲಾ?" ಎಂದರೂ ಒಂದೇ, "ಸಾಕಾ?" ಎಂದರೂ ಒಂದೇ. ಸುಮ್ಮನೆ ಎಲೆಯ ಮೇಲೆ ಕೈ ಅಡ್ಡ ಹಿಡಿದುಬಿಡುತ್ತಿದ್ದರು. ಎಷ್ಟು ದಿನ ಅರ್ಧ ಹೊಟ್ಟೆಯಲ್ಲಿ ಎದ್ದರೋ ಏನೋ.

ನಾನು ಪಾಸಾದ ದಿನ ಓಡಿಬಂದು, "ಅಪ್ಪ, ಬಿ.ಎಸ್ಸಿ. ಫಸ್ಟ್ ಕ್ಲಾಸು!" ಎಂದೆ. ಅವರು, "ಯಾವ ಬಸ್ಸು? ಎಲ್ಲಿಗೆ ಹೊರಟಿದ್ದೀಯ?" ಎಂದರು. ಮನೆಮಂದಿಯೆಲ್ಲ ನಕ್ಕೆವು. ನಮ್ಮ ಜೊತೆ ಅಪ್ಪನೂ ನಕ್ಕರು, ಯಾಕೆಂದು ಗೊತ್ತಿಲ್ಲದೆ. ಅವರು ಹೋಗಿ ಎಷ್ಟೋ ವರ್ಷಗಳಾದವು. ಆ ನಗು ಮಾತ್ರ ಈಗಲೂ ನನ್ನನ್ನು ಚುಚ್ಚುತ್ತದೆ.

ವಿಜ್ಞಾನದ ಮೇಷ್ಟರಾಗಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಕಂಪ್ಯೂಟರಿನ ಫ್ಯಾನಿನಿಂದ ಯಾರೂ ಕಿವುಡಾಗುವುದಿಲ್ಲ. ಮಗಳ ಮೊಬೈಲು ಹಿಡಿದು ನಾನು ಅಳೆದಾಗ ಒಂದು ಮೊಳ ದೂರದಲ್ಲಿ 52 ಡೆಸಿಬೆಲ್ ತೋರಿಸಿತು. ಮೊಬೈಲಿನ ಅಳತೆ ಅಂದಾಜಿನದು, ಹೋಲಿಸಿ ನೋಡಲಷ್ಟೆ ಸರಿ. ಪ್ರೆಸ್ಸಿನ ಷೆಡ್ಡಿಗೆ ಅದನ್ನು ಹೋಲಿಸುವುದು ಹಾಸ್ಯಾಸ್ಪದ. ಆದರೆ ಅದನ್ನು ಮುಚ್ಚಲು ಕಿವಿಯೊಳಗೆ ಏರಿಸಿದ ಹಾಡು ಹಾಸ್ಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಅದೇ 90 ಆದರೆ ವಾರಕ್ಕೆ ನಾಲ್ಕೇ ಗಂಟೆ. ಇನ್ನು ನಿದ್ದೆಯ ವಿಷಯ. ಮನೆಗಳಿರುವ ಪ್ರದೇಶದಲ್ಲಿ ರಾತ್ರಿ ಹೊರಗಿನ ಸದ್ದೇ 45 ಡೆಸಿಬೆಲ್ ಮೀರಬಾರದೆಂದು ನಮ್ಮ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಮಲಗುವ ಕೋಣೆಯೊಳಗೆ 30ರ ಆಸುಪಾಸಿನಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಸೂಚಿಸಿತ್ತು. ಅಮ್ಮನ ಮಂಚದ ಪಕ್ಕದಲ್ಲಿ ನಾನು 52 ಇಟ್ಟಿದ್ದೆ.

ಬೆಳಗಾದ ಮೇಲೆ ಮಗಳನ್ನು ಕೂರಿಸಿಕೊಂಡು, "ಆ ಕೂಲರು ಏನು, ಎತ್ತ, ನನಗೆ ಪಾಠ ಹೇಳು" ಎಂದೆ. ಅವಳು ಹೇಳಿದ್ದನ್ನೂ ನಾನು ಹಳೆಯ ಪುಸ್ತಕ ತಿರುವಿ ಸೇರಿಸಿದ್ದನ್ನೂ ಇಲ್ಲಿ ಕೊಡುತ್ತಿದ್ದೇನೆ. ಒಂಬತ್ತು ಹತ್ತನೆಯ ತರಗತಿಯ ವಿಜ್ಞಾನವೇ ಸಾಕು.

ಪೂರ್ಣ ಕೆಲಸದಲ್ಲಿರುವಾಗ ಅವಳ ಪ್ರೊಸೆಸರು ಸುಮಾರು 100 ವ್ಯಾಟ್ ಶಾಖ ಹೊರಹಾಕುತ್ತದೆ. ಡಬ್ಬದ ಮೇಲೆ 65 ವ್ಯಾಟ್ ಎಂದು ಅಚ್ಚಾಗಿದ್ದರೂ ದುಡಿಯುವಾಗ ಅದನ್ನು ಮೀರುವ ಪ್ರೊಸೆಸರುಗಳೇ ಹೆಚ್ಚು. ಹಿಂದೆ ನಮ್ಮ ಮನೆಗಳಲ್ಲಿದ್ದ 100 ವ್ಯಾಟಿನ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ಆ ಬಿಸಿ ಎಂಥದೆಂದು ಗೊತ್ತು. ಇಲ್ಲಿ ಅಷ್ಟೂ ಬಿಸಿ ಹುಟ್ಟುವುದು ಅಂಚೆಚೀಟಿಗಿಂತ ಚಿಕ್ಕ ಸಿಲಿಕಾನ್ ತುಣುಕಿನಲ್ಲಿ. 95 ಅಥವಾ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂದರೆ ಎಂಟು ಗಂಟೆಯ ಕೆಲಸ ಒಂಬತ್ತಾಗುತ್ತದೆ.

ಆ ಬಿಸಿಯನ್ನು ಗಾಳಿಗೆ ದಾಟಿಸುವುದೇ ಕೂಲರಿನ ಕೆಲಸ. ಹಾದುಹೋಗುವ ಗಾಳಿ 10 ಡಿಗ್ರಿ ಬಿಸಿಯಾಗುತ್ತದೆ ಎಂದಿಟ್ಟುಕೊಳ್ಳಿ. 100 ವ್ಯಾಟನ್ನು ಹೊತ್ತೊಯ್ಯಲು ಸೆಕೆಂಡಿಗೆ ಸುಮಾರು 9 ಲೀಟರು ಗಾಳಿ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ನಮ್ಮ ಗಾಳಿ ಚೆನ್ನೈ ಗಾಳಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಹಾಗಾಗಿ ನಮಗೆ ಗಾಳಿ ತುಸು ಹೆಚ್ಚೇ ಬೇಕು.

ಈ ಗಾಳಿಯನ್ನು ಎರಡು ರೀತಿಯಲ್ಲಿ ತಳ್ಳಬಹುದು. ಸಣ್ಣ ಫ್ಯಾನನ್ನು ಜೋರಾಗಿ ತಿರುಗಿಸಬಹುದು, ದೊಡ್ಡದನ್ನು ಮೆಲ್ಲಗೆ ತಿರುಗಿಸಬಹುದು. ಒಂದೇ ಆಕಾರದ ಫ್ಯಾನುಗಳಾದರೆ ತಳ್ಳುವ ಗಾಳಿಯ ಪ್ರಮಾಣ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಡಬ್ಬದಲ್ಲಿ ಬಂದಿದ್ದ ಫ್ಯಾನು 92 ಮಿಲಿಮೀಟರಿನದು, ಮಗಳು ಕೇಳಿದ್ದು 120ರದು. 92ರ ಘನ 7,78,688. 120ರ ಘನ 17,28,000. ಎರಡು ಪಟ್ಟಿಗೂ ಮಿಗಿಲು! ಸಣ್ಣದು ನಿಮಿಷಕ್ಕೆ 3,000 ಸುತ್ತು ತಿರುಗಿ ಮಾಡುವ ಕೆಲಸವನ್ನು ದೊಡ್ಡದು 1,350 ಸುತ್ತಿನಲ್ಲಿ ಮುಗಿಸುತ್ತದೆ. ಇನ್ನು ಸದ್ದಿನ ಲೆಕ್ಕ. ಒಂದು ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಅನ್ನಿಸುತ್ತದೆ. 'ಗಾಳಿ ಗಾಳಿಯೇ ತಾನೆ' ಎಂದಿದ್ದ ಮೇಷ್ಟರಿಗೆ ಇಷ್ಟು ಲೆಕ್ಕ ಸಾಕಾಯಿತು.

ಆದರೆ ಫ್ಯಾನು ದೊಡ್ಡದಾದರೆ ಸಾಲದು. ಬಿಸಿಯನ್ನು ಅದರ ಮುಂದಕ್ಕೆ ಹರಡಿಕೊಡಬೇಕಲ್ಲ! ಅದಕ್ಕಾಗಿ ದೊಡ್ಡ ಕೂಲರುಗಳಲ್ಲಿ ತೆಳು ಅಲ್ಯೂಮಿನಿಯಂ ರೆಕ್ಕೆಗಳ ಒಂದು ಅಥವಾ ಎರಡು ಗೋಪುರಗಳಿರುತ್ತವೆ. ಅವುಗಳ ನಡುವೆ ಬೆರಳಿಗಿಂತ ಸಪೂರ ತಾಮ್ರದ ಕೊಳವೆಗಳು ಹಾದುಹೋಗುತ್ತವೆ. ನೋಡಲು ಗಟ್ಟಿ ಸಲಾಕೆಯಂತಿದ್ದರೂ ಒಳಗೆ ಟೊಳ್ಳು. ಗಾಳಿಯನ್ನು ಹೀರಿ ತೆಗೆದು, ಒಂದಿಷ್ಟೇ ಇಷ್ಟು ನೀರು ಬಿಟ್ಟು ಬಾಯಿ ಮುಚ್ಚಿರುತ್ತಾರೆ. ಒತ್ತಡ ತೀರಾ ಕಡಿಮೆಯಾದ್ದರಿಂದ ಆ ನೀರು 100 ಡಿಗ್ರಿಗೆ ಕಾಯದೆ 40–50 ಡಿಗ್ರಿಯಲ್ಲೇ ಆವಿಯಾಗುತ್ತದೆ.

ಮುಂದಿನದನ್ನು ತಿಳಿಯಲು ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ ಸಾಕು. ತಳದ ನೀರು ಆವಿಯಾಗಿ ಮೇಲೇರಿ, ಮುಚ್ಚಳಕ್ಕೆ ತನ್ನ ಬಿಸಿ ಕೊಟ್ಟು, ಹನಿಯಾಗಿ ಕೆಳಗೆ ಬೀಳುತ್ತದೆ. ಕೊಳವೆಯಲ್ಲಿ ಪ್ರೊಸೆಸರು ಒಲೆ, ರೆಕ್ಕೆಗಳು ಮುಚ್ಚಳ. ಹನಿಯಾದ ನೀರನ್ನು ವಾಪಸು ತರುವುದಕ್ಕೆ ಒಳಗೋಡೆಗೆ ತಾಮ್ರದ ಪುಡಿಯ ಲೇಪವಿರುತ್ತದೆ. ದೀಪದ ಬತ್ತಿ ಎಣ್ಣೆ ಏರಿಸುವ ಹಾಗೆ ಅದು ನೀರನ್ನು ಎಳೆದುಕೊಂಡು ಬರುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,257 ಜೂಲ್ ಶಾಖ ನುಂಗುತ್ತದೆ ಎಂಬುದನ್ನು ನಾವು ಗುಪ್ತೋಷ್ಣದ ಪಾಠದಲ್ಲಿ ಓದುತ್ತೇವೆ. ಆ ಲೆಕ್ಕದಲ್ಲಿ 100 ವ್ಯಾಟ್ ಸಾಗಿಸಲು ನಿಮಿಷಕ್ಕೆ ಎರಡೂಮುಕ್ಕಾಲು ಗ್ರಾಮಿನಷ್ಟು, ಅಂದರೆ ಸುಮಾರು ಅರ್ಧ ಟೀ ಚಮಚ ನೀರು ಆವಿಯಾದರೆ ಸಾಕು. ಅದೇ ನೀರು ಸುತ್ತುತ್ತಲೇ ಇರುತ್ತದೆ. ತುಂಬುವ ಕೆಲಸವಿಲ್ಲ, ಪಂಪಿಲ್ಲ, ಸದ್ದಿಲ್ಲ.

ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಇಂಥ ಕೊಳವೆಯನ್ನು 1963ರಲ್ಲಿ ಮಾಡಿ ತೋರಿಸಿದರು. ಮೊದಲು ಮೆರೆದದ್ದು ಬಾಹ್ಯಾಕಾಶದಲ್ಲಿ. ಅಲ್ಲಿ ಬೀಸಲು ಗಾಳಿಯೇ ಇಲ್ಲವಲ್ಲ! ಬಿಸಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸದ್ದಿಲ್ಲದೆ ಸಾಗಿಸಿ, ಹೊರಮೈಯಿಂದ ವಿಕಿರಣವಾಗಿ ಬಿಡಬೇಕು. ನಮ್ಮ ಇಸ್ರೊದ ಉಪಗ್ರಹಗಳಲ್ಲೂ ಇಂಥ ಉಷ್ಣ ಕೊಳವೆಗಳಿವೆ.

ವಿಷಯ ಅರ್ಥವಾದ ಮೇಲೆ ನಾನು ಇನ್ನೊಂದು ಅತಿಗೆ ಹೋದೆ. ತಪ್ಪಿನ ಅರಿವಾದ ಅಪ್ಪಂದಿರ ಸ್ವಭಾವವೇ ಹಾಗೆ. "ಇರೋದರಲ್ಲಿ ಅತಿ ದೊಡ್ಡದೇ ತರೋಣ" ಎಂದೆ. ನನ್ನ ಕಣ್ಣಿಗೆ ಬಿದ್ದದ್ದು ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್.ಎಚ್.-ಡಿ15. ಎರಡು ಗೋಪುರ, 140 ಮಿಲಿಮೀಟರಿನ ಎರಡು ಫ್ಯಾನು, ಎಲ್ಲ ಸೇರಿ 1.3 ಕಿಲೊ ತೂಕ. 2014ರಲ್ಲಿ ಬಂದ ಇದು ಸದ್ದಿಲ್ಲದ ಕೂಲರುಗಳಲ್ಲಿ ಹೆಸರುವಾಸಿ. ನಾಕ್ಟುವಾ ಎಂಬುದು ಒಂದು ಜಾತಿಯ ಪುಟ್ಟ ಗೂಬೆಯ ವೈಜ್ಞಾನಿಕ ಹೆಸರಿನ ಭಾಗ. ಗೂಬೆಯ ರೆಕ್ಕೆಯ ಮುಂಚೂಣಿಯ ಗರಿಗಳಿಗೆ ಬಾಚಣಿಗೆಯಂಥ ಹಲ್ಲುಗಳಿರುತ್ತವೆ. ಅವು ಗಾಳಿಯನ್ನು ಸೀಳಿ ಚದುರಿಸುವುದರಿಂದ ಇಲಿಗೂ ಅದು ಬಂದದ್ದು ತಿಳಿಯುವುದಿಲ್ಲ. ಇದನ್ನೆಲ್ಲ ನಾನು ಸಂಭ್ರಮದಿಂದ ವಿವರಿಸುತ್ತಿದ್ದರೆ ಅಮ್ಮ ಮಂಚದ ಮೇಲಿಂದಲೇ, "ಮೊದಲು ಖರ್ಚು ಅಂತ ಮಗೂನ ಮೇಲೆ ಗೂಬೆ ಕೂರಿಸಿದೆ. ಈಗ ಮನೆಗೇ ಗೂಬೆ ತರ್ತೀಯೇನೋ?" ಎಂದುಬಿಟ್ಟರು.

ಗೂಬೆ ತಪ್ಪಿದ್ದು ಅಮ್ಮನ ಮಾತಿನಿಂದಲ್ಲ, ಸ್ಟೀಲ್ ಸ್ಕೇಲಿನಿಂದ. ಮಗಳು ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, "ಅಪ್ಪ, ನೀವೇ ಅಳೆದು ನೋಡಿ" ಎಂದು ಸ್ಕೇಲು ಕೊಟ್ಟಳು. ಪ್ರೊಸೆಸರಿನ ಮೇಲ್ಮೈಯಿಂದ ಬಾಗಿಲಿನವರೆಗೆ ಇದ್ದ ಜಾಗ 160 ಮಿಲಿಮೀಟರು. ನಾನು ಮೆಚ್ಚಿದ ಕೂಲರಿನ ಎತ್ತರ 165. ಐದು ಮಿಲಿಮೀಟರಿಗೆ ಬಾಗಿಲು ಮುಚ್ಚುತ್ತಿರಲಿಲ್ಲ! ಮಗಳ ಹಳೆಯ ಪಟ್ಟಿಯಲ್ಲಿದ್ದದ್ದು 155 ಮಿಲಿಮೀಟರಿನದು. ಎರಡು ಗೋಪುರ, ಆರು ಕೊಳವೆ, 120ರ ಎರಡು ಫ್ಯಾನು. ಬೆಲೆ ನನ್ನ ಗೂಬೆಗಿಂತ ಎಷ್ಟೋ ಕಡಿಮೆ. ಅವಳು ಯುಗಾದಿಯಲ್ಲೇ ಎಲ್ಲವನ್ನೂ ಅಳೆದಿದ್ದಳು. ನನ್ನ ಕೆಂಪು ಗೀಟಿನ ಕೆಳಗೆ ಇದ್ದದ್ದು ಸರಿಯುತ್ತರ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಇಬ್ಬರೂ ಎಸ್.ಪಿ. ರಸ್ತೆಗೆ ಹೊರಟೆವು. ಸಿಂಗಸಂದ್ರದಲ್ಲಿ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಆಯಿತು. ಅದೇ ಗಾಡಿ ಮುಂದಕ್ಕೆ ಪೀಣ್ಯಕ್ಕೆ ಹೋಗುತ್ತದೆ. ಬಾಗಿಲ ಮೇಲಿನ ನಕ್ಷೆಯಲ್ಲಿ ಆ ಹೆಸರು ನೋಡಿದಾಗ ಮಗಳಿಗೆ ಅಜ್ಜನ ವಿಷಯ ಹೇಳಿದೆ. ಎಲೆಯ ಮೇಲೆ ಅಡ್ಡ ಹಿಡಿಯುತ್ತಿದ್ದ ಕೈ, ಬಿ.ಎಸ್ಸಿ.ಯ ಬಸ್ಸು, ಎಲ್ಲವನ್ನೂ. 1975ರ ಏಪ್ರಿಲ್ 19ರಂದು ಗಗನಕ್ಕೇರಿದ ಆರ್ಯಭಟ ಉಪಗ್ರಹ ಸಿದ್ಧವಾದದ್ದೂ ಅದೇ ಪೀಣ್ಯದ ಷೆಡ್ಡುಗಳಲ್ಲಿ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜನಿಗೆ ಕಿವಿಗೆ ಹಾಕೋದು ಒಂದು ಕೊಡಿಸಿದ್ರೆ ಎಷ್ಟಾಗ್ತಿತ್ತು ಅಪ್ಪ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿತ್ತು. ಬಹಳ ಕಡಿಮೆ ಆಗುತ್ತಿತ್ತು. ಹೇಳಲು ನಾಲಗೆ ಏಳಲಿಲ್ಲ.

ಮನೆಗೆ ಬಂದು ಜೋಡಿಸಲು ಕೂತೆವು. ಹಳೆಯ ಕೂಲರು ಬಿಚ್ಚಿ, ಪ್ರೊಸೆಸರಿನ ಮೇಲೆ ಒಣಗಿದ್ದ ಲೇಪವನ್ನು ಒರೆಸಿ, ಹೊಸ ಲೇಪವನ್ನು ಬಟಾಣಿ ಕಾಳಿನಷ್ಟು ಇಟ್ಟೆವು. ಎರಡು ಲೋಹಗಳು ಎಷ್ಟು ನಯವಾಗಿ ಕಂಡರೂ ನಡುವೆ ಸೂಕ್ಷ್ಮ ಗುಂಡಿಗಳಿರುತ್ತವೆ. ಅಲ್ಲಿ ಗಾಳಿ ನಿಂತರೆ ಬಿಸಿ ದಾಟುವುದಿಲ್ಲ, ಲೇಪ ಆ ಗುಂಡಿಗಳನ್ನು ತುಂಬುತ್ತದೆ. ಕೂಲರಿನ ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ತೆಗೆಯಬೇಕು, ಮರೆತರೆ ಎಲ್ಲ ಖರ್ಚೂ ನೀರಿನಲ್ಲಿ ಹೋಮ. ನನ್ನ ಕೈಗೆ ಒಂದು ಫ್ಯಾನು ಸಿಕ್ಕಿಸುವ ಕೆಲಸ ಬಂತು. ಸಿಕ್ಕಿಸಿದೆ. ಯಂತ್ರ ಹಚ್ಚಿದರೆ ಬಿಸಿ ಇಳಿಯುವುದು ಬಿಟ್ಟು ಏರತೊಡಗಿತು.

ಆಗ ದೇವರ ಮನೆಯಿಂದ ಒಂದು ಊದುಬತ್ತಿ ತಂದು ಫ್ಯಾನುಗಳ ಬಳಿ ಹಿಡಿದೆ. ಮುಂದಿನ ಫ್ಯಾನು ಹೊಗೆಯನ್ನು ಒಳಗೆಳೆಯುವ ಬದಲು ನನ್ನ ಮುಖಕ್ಕೇ ಉಗುಳಿತು! ನಾನು ಅದನ್ನು ಹಿಂದುಮುಂದಾಗಿ ಹಾಕಿದ್ದೆ. ಒಂದು ಫ್ಯಾನು ಒಂದು ಕಡೆಗೆ, ಇನ್ನೊಂದು ಮತ್ತೊಂದು ಕಡೆಗೆ ಗಾಳಿಯನ್ನು ಜಗ್ಗುತ್ತಿದ್ದವು. ಚೌಕಟ್ಟಿನ ಅಡ್ಡಕಡ್ಡಿಗಳಿರುವ ಕಡೆಯಿಂದ ಗಾಳಿ ಹೊರಬರುತ್ತದೆ ಎಂಬ ಸಣ್ಣ ಗುಟ್ಟು ಅವತ್ತು ತಿಳಿಯಿತು. ತಿರುಗಿಸಿ ಹಾಕಿದೆವು. ಮಗಳು ಫ್ಯಾನಿನ ವೇಗ ಬಿಸಿಗೆ ತಕ್ಕಂತೆ ನಿಧಾನವಾಗಿ ಏರುವ ಹಾಗೆ ಕಂಪ್ಯೂಟರಿನಲ್ಲಿ ಹೊಂದಿಸಿದಳು. ಆಮೇಲೆ ಅದೇ ಚಿತ್ರವನ್ನು ಮೂಡಿಸಲು ಹಚ್ಚಿ ಅರ್ಧ ಗಂಟೆ ಬಿಟ್ಟು ಅಳೆದೆವು. ಮೊದಲು 91 ಡಿಗ್ರಿ ಇದ್ದದ್ದು 68. ಮೊದಲು 3,000 ಸುತ್ತು ಇದ್ದದ್ದು 800. ಮೊಬೈಲು 38 ಡೆಸಿಬೆಲ್ ತೋರಿಸಿತು. ಯಂತ್ರ ಆರಿಸಿದಾಗ ನಮ್ಮ ನಡುಮನೆಯಲ್ಲಿ ಅದು ತೋರಿಸುವುದೇ 37.

ಇದನ್ನು ಓದಿ ಎಲ್ಲರೂ ದೊಡ್ಡ ಕೂಲರಿಗೆ ದುಡ್ಡು ಸುರಿಯಬೇಕೆಂದು ನಾನು ಹೇಳುತ್ತಿಲ್ಲ. ಬರವಣಿಗೆ, ಆನ್‌ಲೈನ್ ಪಾಠ, ಲೆಕ್ಕಪತ್ರ ಇಷ್ಟಕ್ಕೇ ಕಂಪ್ಯೂಟರಾದರೆ ಡಬ್ಬದಲ್ಲಿ ಬಂದದ್ದೇ ಧಾರಾಳ. ಗಂಟೆಗಟ್ಟಲೆ ಪೂರ್ಣ ದುಡಿಸುವ ಕೆಲಸವಿದ್ದರೆ ಮಾತ್ರ ಯೋಚಿಸಿ. ಕೊಳ್ಳುವ ಮುನ್ನ ಕ್ಯಾಬಿನೆಟ್ಟಿನಲ್ಲಿ ಎಷ್ಟು ಎತ್ತರಕ್ಕೆ ಜಾಗವಿದೆ, ಮೆಮೊರಿ ಪಟ್ಟಿಗಳಿಗೆ ಫ್ಯಾನು ತಾಗುತ್ತದೆಯೆ, ನಿಮ್ಮ ಮದರ್‌ಬೋರ್ಡಿನ ಸಾಕೆಟ್ಟಿಗೆ ಹೊಂದುವ ಕೊಂಡಿಗಳು ಡಬ್ಬದಲ್ಲಿವೆಯೆ, ಈ ಮೂರನ್ನೂ ನೋಡಿ. ಒಂದು ಕಿಲೊ ತೂಕ ಮದರ್‌ಬೋರ್ಡಿಗೆ ಜೋತು ಬಿದ್ದಿರುವುದರಿಂದ ಮನೆ ಬದಲಿಸುವಾಗ ಕ್ಯಾಬಿನೆಟ್ಟನ್ನು ಮಲಗಿಸಿ ಸಾಗಿಸಿ. ರೆಕ್ಕೆಗಳ ನಡುವೆ ದೂಳು ಕೂತರೆ ಎಂಥ ಕೂಲರೂ ಕೆಲಸಕ್ಕೆ ಬಾರದು. ನಮ್ಮ ಹೊಸೂರು ರಸ್ತೆಯ ಬದಿಯ ಮನೆಗಳಲ್ಲಂತೂ ಎರಡು ತಿಂಗಳಿಗೊಮ್ಮೆ ಬ್ರಷ್ಷು ಹಿಡಿಯಲೇಬೇಕು. ಬೇಸಿಗೆಯಲ್ಲಿ ಕೋಣೆಯ ಬಿಸಿ ಹತ್ತು ಡಿಗ್ರಿ ಏರಿದರೆ ಪ್ರೊಸೆಸರಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ ಎಂಬುದೂ ನೆನಪಿರಲಿ. ಯಾವ ಫ್ಯಾನೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು.

ತಂದೆ ತಾಯಂದಿರಿಗೆ ಇನ್ನೊಂದು ಮಾತು. ಮಕ್ಕಳ ಪಟ್ಟಿಯಲ್ಲಿ ನಮಗೆ ಶೋಕಿಯಂತೆ ಕಾಣುವ ಸಾಲಿನ ಮೇಲೆ ಗೀಟು ಎಳೆಯುವ ಮುನ್ನ, ಅದು ಯಾಕೆ ಬೇಕು ಎಂದು ಒಮ್ಮೆ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ನನ್ನ ಮಗಳು ಎದುರು ಮಾತಾಡುವವಳಾಗಿದ್ದರೆ ಯುಗಾದಿಯಲ್ಲೇ ಬುದ್ಧಿ ಬರುತ್ತಿತ್ತು. ಅವಳು ಸುಮ್ಮನಾದಳು. ಅಪ್ಪನೂ ಹಾಗೆಯೇ, ಕೇಳಿಸುತ್ತಿಲ್ಲ ಎಂದು ಒಂದು ದಿನವೂ ಹೇಳಲಿಲ್ಲ. ಸುಮ್ಮನಿರುವವರು ಬೆಲೆ ಕಟ್ಟುತ್ತಿರುವುದು ಮನೆಯಲ್ಲಿ ಬೇಗ ಕಾಣುವುದಿಲ್ಲ.

ಆ ರಾತ್ರಿ ಹನ್ನೊಂದರ ಹೊತ್ತಿಗೆ ನಾನು ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನಡುಮನೆಯಲ್ಲಿ ಕಂಪ್ಯೂಟರು ಕೆಲಸ ಮಾಡುತ್ತಿತ್ತು, ಮಗಳ ಹೆಡ್‌ಫೋನು ಮೊಳೆಗೆ ನೇತುಬಿದ್ದಿತ್ತು. ಅಮ್ಮ ಎದ್ದು ಅವಳಿಗೆ ಹಾಲು ಬಗ್ಗಿಸುತ್ತಿದ್ದ ಹಾಗಿತ್ತು.

"ಇನ್ನೊಂದು ಸ್ವಲ್ಪ ಹಾಕ್ಲಾ?"

"ಸಾಕು ಅಜ್ಜಿ."

ಎರಡು ಮಾತೂ ಕೋಣೆಯವರೆಗೆ ಅಕ್ಷರ ಅಕ್ಷರವಾಗಿ ಕೇಳಿಸಿದವು.